ಹಗ್ಗ ಹಿಡಿದು ಬರುವ ಮಳೆ

ಮಳೆ ನಿಂತ ಮೇಲೆ ಹಿತ್ತಿಲಿನಲ್ಲಿ ಬಟ್ಟೆ ಒಣಹಾಕುವ ತಂತಿಯನ್ನು ಗಮನಿಸಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ತಂತಿಯುದ್ದಕ್ಕೂ ಕುಳಿತ ಹನಿಗಳೆಲ್ಲ ಇದ್ದಲ್ಲೇ ಕೆಳಗೆ ಬೀಳುವುದಿಲ್ಲ. ಒಂದಕ್ಕೊಂದು ಕೂಡಿಕೊಂಡು, ತಂತಿ ಹೆಚ್ಚು ಜೋತುಬಿದ್ದ ಕಡೆಗೆ ಜಾರುತ್ತಾ ಹೋಗಿ, ಅಲ್ಲಿಂದ ತೊಟ್ಟಿಕ್ಕುತ್ತವೆ. ಆ ತಂತಿಯ ಬದಲು ಎರಡು ಮರಗಳ ನಡುವೆ ಕಟ್ಟಿದ ಹಗ್ಗವನ್ನೂ, ಜೋತುಬಿದ್ದ ಜಾಗದಲ್ಲಿ ನಿದ್ದೆ ಹೋದ ಒಬ್ಬ ಮನುಷ್ಯನನ್ನೂ ಕಲ್ಪಿಸಿಕೊಳ್ಳಿ. ಹ್ಯಾಮಕ್‌ನಲ್ಲಿ ಮಲಗುವವರ ಮಳೆಗಾಲದ ತಾಪತ್ರಯದ ಮೂಲ ಇಲ್ಲಿದೆ.

ಹ್ಯಾಮಕ್ ಎಂದರೆ ಎರಡು ತುದಿಗಳನ್ನು ಹಗ್ಗದಿಂದ ಬಿಗಿದು ತೂಗುಹಾಕಿದ ಬಟ್ಟೆ ಅಥವಾ ಬಲೆಯ ಹಾಸಿಗೆ. ನಮ್ಮಲ್ಲಿ ಮಗುವಿಗೆ ಹಳೆ ಸೀರೆಯಿಂದ ಕಟ್ಟುವ ಜೋಲಿಯ ದೂರದ ಬಂಧು ಎನ್ನಬಹುದು. ರೆಸಾರ್ಟುಗಳ ತೋಟದಲ್ಲಿ, ಕಡಲತೀರದ ತೆಂಗಿನ ಮರಗಳ ನಡುವೆ ಇದನ್ನು ಕಂಡವರು ಬಿಸಿಲುಗಾಲದ ವಿಲಾಸದ ವಸ್ತುವೆಂದು ತಿಳಿದಿರುವುದುಂಟು. ಆದರೆ ಇದು ಹುಟ್ಟಿದ್ದು ಮಳೆಯ ನಾಡಿನಲ್ಲಿ, ಒದ್ದೆ ನೆಲದಿಂದ ತಪ್ಪಿಸಿಕೊಳ್ಳುವ ಉಪಾಯವಾಗಿ. ಹಾಗಿದ್ದೂ ಇದನ್ನು ಎರವಲು ಪಡೆದ ಹೊರಗಿನವರು ಶತಮಾನಗಳ ಕಾಲ ಮಳೆಯಲ್ಲಿ ನೆನೆಯುತ್ತಲೇ ಬಂದರು. ಹಾಸಿಗೆಯನ್ನು ಕೊಂಡೊಯ್ದವರು ಅದರ ಜೊತೆಗಿದ್ದ ಸೂರನ್ನು ಅಲ್ಲೇ ಬಿಟ್ಟು ಹೋದದ್ದು ಇದಕ್ಕೆ ಕಾರಣ.

ಹಾಸಿಗೆ ಬಂತು, ಸೂರು ಬರಲಿಲ್ಲ

1492ರ ಅಕ್ಟೋಬರಿನಲ್ಲಿ ಬಹಾಮಾ ದ್ವೀಪಗಳಿಗೆ ಬಂದಿಳಿದ ಕ್ರಿಸ್ಟೋಫರ್ ಕೊಲಂಬಸ್, ಅಲ್ಲಿನ ಜನ ಹತ್ತಿಯ ಬಲೆಯಂಥ ಹಾಸಿಗೆಗಳಲ್ಲಿ ಮಲಗುವುದನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟ. ಆ ಜನರ ತೈನೋ ಭಾಷೆಯ ‘ಹಮಾಕ’ ಎಂಬ ಪದ ಸ್ಪ್ಯಾನಿಷ್‌ನ ಮೂಲಕ ಯುರೋಪಿನ ಭಾಷೆಗಳಿಗೆಲ್ಲ ಹರಡಿತು. ಡಚ್ಚರ ಬಾಯಲ್ಲಿ ಅದು ‘ತೂಗುವ ಚಾಪೆ’ ಎಂಬ ಅರ್ಥ ಬರುವಂತೆ ‘ಹಾಂಗ್‌ಮಾಟ್’ ಆಯಿತು. ಸ್ಪೇನಿನ ಇತಿಹಾಸಕಾರ ಗೊಂಜಾಲೊ ಫರ್ನಾಂಡಿಸ್ ದ ಒವಿಯೆಡೊ 1535ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಹ್ಯಾಮಕ್‌ನ ಚಿತ್ರವನ್ನೇ ಕೊಟ್ಟ.

ದಕ್ಷಿಣ ಅಮೆರಿಕದ ಮಳೆಕಾಡುಗಳಲ್ಲಿ ನೆಲ ವರ್ಷದ ಹೆಚ್ಚು ಕಾಲ ಹಸಿಯಾಗಿರುತ್ತದೆ. ಇರುವೆ, ಚೇಳು, ಹಾವುಗಳ ಕಾಟ ಬೇರೆ. ಗೋಣಿಯೋ ಚಾಪೆಯೋ ಹಾಸಿದರೆ ನಾಲ್ಕು ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಗಾಳಿಯಲ್ಲಿ ತೂಗುವ ಹಾಸಿಗೆಗೆ ಈ ತೊಂದರೆಗಳು ಕಡಿಮೆ. ಆದರೆ ಅಲ್ಲಿನ ಜನ ಹಾಸಿಗೆಯನ್ನು ಆಕಾಶದ ಕೆಳಗೆ ತೂಗುಹಾಕಿದವರಲ್ಲ. ಬ್ರೆಜಿಲ್ ಮತ್ತು ವೆನೆಜುವೆಲಾ ಗಡಿಯ ಕಾಡುಗಳಲ್ಲಿರುವ ಯಾನೊಮಾಮಿ ಜನರ ‘ಶಬೋನೊ’ ಎಂಬ ವೃತ್ತಾಕಾರದ ದೊಡ್ಡ ಮನೆಯಲ್ಲಿ, ಎಲೆ ಹೊದಿಸಿದ ಇಳಿಜಾರು ಮಾಡಿನ ಕೆಳಗೆ ಪ್ರತಿ ಕುಟುಂಬದ ಒಲೆಯ ಸುತ್ತ ಹ್ಯಾಮಕ್‌ಗಳಿರುತ್ತವೆ. ಬೇಟೆಗೋ ದೂರದ ಪಯಣಕ್ಕೋ ಹೊರಟರೆ ದಾರಿಯಲ್ಲಿ ಮೂರು ಕಂಬಗಳನ್ನು ತ್ರಿಕೋನವಾಗಿ ನೆಟ್ಟು, ಅದರ ಮೇಲೆ ಬಾಳೆಯ ಜಾತಿಯ ಅಗಲ ಎಲೆಗಳನ್ನು ಇಳಿಜಾರಾಗಿ ಹೊದಿಸುತ್ತಾರೆ. ಹ್ಯಾಮಕ್ ಕಟ್ಟುವುದು ಆ ಕಂಬಗಳಿಗೇ. ಆಧಾರವೂ ಹಗ್ಗವೂ ಸೂರಿನ ಒಳಗೇ ಇರುವುದರಿಂದ ಹಗ್ಗ ಹಿಡಿದು ನೀರು ಬರುವ ಪ್ರಶ್ನೆಯೇ ಇಲ್ಲ. ಪಕ್ಕದಲ್ಲಿ ರಾತ್ರಿಯಿಡೀ ಉರಿಯುವ ಸಣ್ಣ ಬೆಂಕಿ ಕೆಳಗಿನ ಚಳಿಯನ್ನು ತಡೆಯುತ್ತದೆ.

ಯುರೋಪಿನವರು ಎರವಲು ಪಡೆದದ್ದು ಹಾಸಿಗೆಯನ್ನು ಮಾತ್ರ. ಇಂಗ್ಲೆಂಡಿನ ನೌಕಾಪಡೆ 1597ರಲ್ಲಿ ನಾವಿಕರಿಗೆ ತೂಗುಹಾಸಿಗೆಗಳನ್ನು ಒದಗಿಸಲು ಆರಂಭಿಸಿತು. ಹಡಗಿನ ಅಟ್ಟದ ಕೆಳಗೆ ಒಬ್ಬೊಬ್ಬರಿಗೆ 14 ಅಂಗುಲ ಅಗಲದ ಜಾಗ. ಅಲ್ಲಿ ಹಡಗಿನ ಅಟ್ಟವೇ ಸೂರು. ಬೆಳಿಗ್ಗೆ ಹ್ಯಾಮಕ್‌ಗಳನ್ನು ಬಿಗಿಯಾಗಿ ಸುತ್ತಿ ಮೇಲಿನ ಅಂಚುಗೋಡೆಯ ಉದ್ದಕ್ಕೂ ಇದ್ದ ಬಲೆಗಳಲ್ಲಿ ಒಟ್ಟುತ್ತಿದ್ದರು. ಯುದ್ಧದಲ್ಲಿ ಅವು ಗುಂಡಿಗೆ ಅಡ್ಡಗೋಡೆಯಾಗುತ್ತಿದ್ದವು. ಉಳಿದ ದಿನ ಮಳೆಗೂ ಅಲೆಯ ತುಂತುರಿಗೂ ನೆನೆಯದಂತೆ ಬಣ್ಣ ಬಳಿದ ಕ್ಯಾನ್ವಾಸ್ ಹೊದಿಸುತ್ತಿದ್ದರು. ಹಾಸಿಗೆ ಒದ್ದೆಯಾದರೆ ರಾತ್ರಿಯ ನಿದ್ದೆ ಹೋಯಿತೆಂದೇ ಲೆಕ್ಕ.

ಹಡಗಿನಿಂದ ಇಳಿದು ಕಾಡು ಹೊಕ್ಕವರಿಗೆ ಸೂರಿನ ನೆನಪಾಗುತ್ತಿದ್ದುದು ಮಳೆ ಬಂದ ಮೇಲೆ. ಜರ್ಮನಿಯ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹುಂಬೋಲ್ಟ್ ತನ್ನ ಗೆಳೆಯ ಬೋನ್‌ಪ್ಲಾನ್‌ನೊಡನೆ 1800ರಲ್ಲಿ ವೆನೆಜುವೆಲಾದ ಅಪೂರೆ ಮತ್ತು ಒರಿನೊಕೊ ನದಿಗಳಲ್ಲಿ ದೋಣಿ ಪಯಣ ಮಾಡಿದ. ಮರವಿಲ್ಲದ ದಡದಲ್ಲಿ ಹುಟ್ಟುಗಳನ್ನೇ ನೆಲದಲ್ಲಿ ನೆಟ್ಟು ಹ್ಯಾಮಕ್ ಕಟ್ಟುತ್ತಿದ್ದರು. ಒಂದು ರಾತ್ರಿ ಅವರಿಗೆ ಆತಿಥ್ಯ ನೀಡಿದವನು ಡಾನ್ ಇಗ್ನಾಸಿಯೊ ಎಂಬ ಭೂಮಾಲೀಕ. ತಾನು ಬಿಳಿಯರ ಕುಲೀನ ವಂಶದವನೆಂಬ ಅಭಿಮಾನ ಬಹಳ. ಆದರೆ ತಾಳೆಗರಿಯ ಒಂದು ಗುಡಿಸಲನ್ನೂ ಕಟ್ಟಿಕೊಂಡಿರಲಿಲ್ಲ. ಅತಿಥಿಗಳೂ ಮನೆಯವರೂ ಮರಗಳ ಕೆಳಗೇ ಹ್ಯಾಮಕ್ ಕಟ್ಟಿ ಮಲಗಿದರು. ನಡುರಾತ್ರಿ ಕಳೆದ ಮೇಲೆ ಬಿರುಗಾಳಿ, ಗುಡುಗು, ಮಿಂಚು. ಎಲ್ಲರೂ ತೊಯ್ದು ತೊಪ್ಪೆಯಾದರು. ಅದೇ ಹೊತ್ತಿಗೆ ಹುಣಸೆ ಮರದ ಮೇಲಿದ್ದ ಮನೆಯ ಬೆಕ್ಕು ಒಬ್ಬನ ಹಾಸಿಗೆಗೆ ಬಿತ್ತು. ಕಾಡುಮೃಗವೇ ಮೈಮೇಲೆ ಬಿತ್ತೆಂದು ಅವನು ಬೊಬ್ಬಿಟ್ಟ. ಮಳೆ ಸುರಿಯುತ್ತಲೇ ಇತ್ತು. ಮರಳದಂಡೆಯಲ್ಲಿ ಮಲಗದೆ ತನ್ನ ಜಮೀನಿನಲ್ಲಿ, ಗಣ್ಯರ ನಡುವೆ ಇರುವ ಭಾಗ್ಯ ನಿಮ್ಮದಾಯಿತಲ್ಲ ಎಂದು ಡಾನ್ ಇಗ್ನಾಸಿಯೊ ಅತಿಥಿಗಳನ್ನು ಅಭಿನಂದಿಸಿದನಂತೆ!

ಯುದ್ಧ ಕಲಿಸಿದ ಪಾಠ

ಹಾಸಿಗೆಗೂ ಸೂರಿಗೂ ಮತ್ತೆ ನಂಟು ಬೆಳೆದದ್ದು ಯುದ್ಧದ ಒತ್ತಡದಲ್ಲಿ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರು ಪೆಸಿಫಿಕ್ ದ್ವೀಪಗಳಲ್ಲಿ, ಬರ್ಮಾದ ಕಾಡುಗಳಲ್ಲಿ ಹೋರಾಡಬೇಕಾಯಿತು. ಅಲ್ಲಿ ಶತ್ರುವಿನ ಗುಂಡಿನಷ್ಟೇ ಮಲೇರಿಯಾದ ಭಯ. ಅವರಿಗಾಗಿ ರೂಪಿಸಿದ ‘ಜಂಗಲ್ ಹ್ಯಾಮಕ್’ನಲ್ಲಿ ಬಟ್ಟೆಯ ಹಾಸಿಗೆ, ಸುತ್ತ ಸೊಳ್ಳೆಪರದೆಯ ಗೋಡೆ, ಮೇಲೆ ನೀರು ಹಿಡಿಯದ ಬಟ್ಟೆಯ ಮಾಡು ಎಲ್ಲವನ್ನೂ ಒಟ್ಟಿಗೆ ಹೊಲಿದಿದ್ದರು. ಒಳಗೆ ಹೋಗಲು ಪಕ್ಕದಲ್ಲಿ ಜಿಪ್. ಮಳೆ ಮತ್ತು ಸೊಳ್ಳೆ ಎರಡಕ್ಕೂ ಒಂದೇ ಉತ್ತರವೇನೋ ಸಿಕ್ಕಿತು. ಆದರೆ ಕತ್ತಲಲ್ಲಿ ದಾಳಿಯಾದಾಗ ಜಿಪ್ ಹುಡುಕುತ್ತಾ ಕೂರುವಂತಿರಲಿಲ್ಲ. ಚಾಕುವಿನಿಂದ ಪರದೆ ಕೊಯ್ದು ಹೊರಬಿದ್ದ ಸೈನಿಕರ ಕತೆಗಳು ಉಳಿದುಬಂದಿವೆ.

ಹಾಸಿಗೆ ಬೇರೆ, ಸೂರು ಬೇರೆ ಎಂಬ ಸರಳ ಕ್ರಮ ಕಂಡುಬಂದದ್ದು ವಿಯೆಟ್ನಾಮಿನಲ್ಲಿ. 1959ರಿಂದ ಚುಓಂಗ್ ಸೋನ್ ಬೆಟ್ಟಸಾಲಿನ ಕಾಡುದಾರಿಯಲ್ಲಿ, ಅಂದರೆ ಹೊರಗಿನವರು ‘ಹೋ ಚಿ ಮಿನ್ ಮಾರ್ಗ’ ಎಂದು ಕರೆದ ದಾರಿಯಲ್ಲಿ, ಉತ್ತರದಿಂದ ದಕ್ಷಿಣಕ್ಕೆ ನಡೆದ ಸೈನಿಕರ ಗಂಟಿನಲ್ಲಿ ಎರಡು ವಸ್ತುಗಳು ಜೋಡಿಯಾಗಿ ಇರುತ್ತಿದ್ದವು. ಒಂದು ‘ವೊಂಗ್’, ಎಂದರೆ ಹ್ಯಾಮಕ್. ಇನ್ನೊಂದು ‘ತಾಂಗ್’, ಮೇಲೆ ಕಟ್ಟುವ ನೀರು ತಡೆಯುವ ಹಾಳೆ. ಅಲ್ಲಿನ ಮಾತಿನಲ್ಲಿ ‘ತಾಂಗ್ ವೊಂಗ್’ ಎಂಬುದು ನಮ್ಮ ‘ಗಂಟುಮೂಟೆ’ಯಂತೆ ಜೋಡುನುಡಿಯೇ ಆಗಿಹೋಗಿದೆ. ಗಾಯಗೊಂಡವರನ್ನು ಅದೇ ಹ್ಯಾಮಕ್‌ನ ನಡುವೆ ಬೊಂಬು ತೂರಿಸಿ ಹೊತ್ತೊಯ್ಯುತ್ತಿದ್ದರು. ಎಷ್ಟೋ ಮಂದಿಯನ್ನು ಅದರಲ್ಲೇ ಸುತ್ತಿ ಮಣ್ಣು ಮಾಡಿದ್ದೂ ಉಂಟು.

ಇತ್ತೀಚಿನ ದಶಕಗಳಲ್ಲಿ ಹವ್ಯಾಸಕ್ಕಾಗಿ ಕಾಡು ಬೆಟ್ಟ ಸುತ್ತುವವರು ಒಪ್ಪಿಕೊಂಡಿರುವುದೂ ಈ ಜೋಡಿಯನ್ನೇ. ಡೇರೆಗೆ ಸಮತಟ್ಟಾದ ನೆಲ ಬೇಕು, ಅದರ ಕೆಳಗೆ ಮಳೆನೀರು ಹರಿದರೆ ಕತೆ ಮುಗಿಯಿತು. ಹ್ಯಾಮಕ್‌ಗೆ ಬೇಕಾದದ್ದು ಎರಡು ಗಟ್ಟಿ ಮರ ಮಾತ್ರ. ಕೆಳಗೆ ಕಲ್ಲಿರಲಿ, ಇಳಿಜಾರಿರಲಿ, ಕೆಸರಿರಲಿ ಬಾಧಕವಿಲ್ಲ. ಸೂರು ಸರಿಯಾಗಿದ್ದರೆ ಮಾತ್ರ ಈ ಮಾತು ನಿಜ.

ನೀರಿನ ನಾಲ್ಕು ದಾರಿಗಳು

ಮಳೆ ಮೇಲಿನಿಂದ ಬರುತ್ತದೆ ಎಂಬುದು ಅರ್ಧ ಸತ್ಯ. ತೂಗುಹಾಸಿಗೆಯಲ್ಲಿ ಮಲಗಿದವನನ್ನು ತಲುಪಲು ನೀರಿಗೆ ನಾಲ್ಕು ದಾರಿಗಳಿವೆ.

ಮೊದಲನೆಯದು ನೇರ ದಾರಿ. ಇದನ್ನು ತಡೆಯಲು ಮೇಲೆ ಟಾರ್ಪಾಲು ಕಟ್ಟಿದರಾಯಿತು. ಆದರೆ ಅಳತೆಯಲ್ಲಿ ಎಡವುವವರು ಹೆಚ್ಚು. ಮಲಗಲು ಹಿತವಾದ ಹ್ಯಾಮಕ್ ಬಟ್ಟೆ 3 ಮೀಟರಿಗಿಂತ ತುಸು ಉದ್ದವಿರುತ್ತದೆ. ಟಾರ್ಪಾಲಿನ ನಡುಗೆರೆ ಹ್ಯಾಮಕ್‌ನ ಎರಡೂ ತುದಿಗಳನ್ನು ದಾಟಿ ಕಡೇ ಪಕ್ಷ ಒಂದು ಗೇಣಾದರೂ ಆಚೆ ಚಾಚಿರಬೇಕು. ಮನೆಯ ಮಾಡು ಗೋಡೆಗಿಂತ ಮುಂದೆ ಚಾಚಿರುವುದಕ್ಕೂ ಇದೇ ಕಾರಣ.

ಎರಡನೆಯದು ಗಾಳಿಯ ದಾರಿ. ಕನ್ನಡದಲ್ಲಿ ಇದಕ್ಕೆ ಒಳ್ಳೆಯ ಪದವೇ ಇದೆ: ಎರಚಲು. ಒಂದು ಮಿಲಿಮೀಟರ್ ಗಾತ್ರದ ಹನಿ ಸೆಕೆಂಡಿಗೆ ಸುಮಾರು 4 ಮೀಟರ್ ವೇಗದಲ್ಲಿ ಬೀಳುತ್ತದೆ. ಗಾಳಿಯೂ ಅಷ್ಟೇ ವೇಗದಲ್ಲಿ, ಅಂದರೆ ಗಂಟೆಗೆ 14 ಕಿ.ಮೀ. ವೇಗದಲ್ಲಿ ಬೀಸಿದರೆ ಹನಿ 45 ಡಿಗ್ರಿ ಓರೆಯಾಗಿ ಬರುತ್ತದೆ. ಇದೇನೂ ಬಿರುಗಾಳಿಯಲ್ಲ, ಸಾಧಾರಣ ಗಾಳಿ. ಆಗ ಟಾರ್ಪಾಲಿನ ಅಂಚು ಹಾಸಿಗೆಗಿಂತ ಒಂದು ಮೀಟರ್ ಎತ್ತರದಲ್ಲಿದ್ದರೆ, ಹನಿ ಅಂಚಿನಿಂದ ಒಂದು ಮೀಟರ್ ಒಳಗೆ ಬಂದು ಹಾಸಿಗೆಯ ಮಟ್ಟ ಮುಟ್ಟುತ್ತದೆ. ಆದ್ದರಿಂದ ಗಾಳಿ ಇರುವ ರಾತ್ರಿ ಟಾರ್ಪಾಲನ್ನು ತಗ್ಗಿಸಿ, ಗಾಳಿ ಬರುವ ಬದಿಯ ಅಂಚನ್ನು ಹಾಸಿಗೆಯ ತಳಕ್ಕಿಂತ ಕೆಳಕ್ಕೆ ಎಳೆದು ಗೂಟ ಬಡಿಯಬೇಕು. ಮಲೆನಾಡಿನಲ್ಲಿ ಮಳೆಗಾಲ ಬರುವ ಮುನ್ನ ಜಗಲಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮೂರನೆಯದು ಹಗ್ಗದ ದಾರಿ. ಹೊಸಬರನ್ನು ಮೋಸಗೊಳಿಸುವುದು ಇದೇ. ಮಳೆ ಬಿದ್ದಾಗ ಮರದ ಕಾಂಡದ ಮೇಲೂ ನೀರು ಹರಿದಿಳಿಯುತ್ತದೆ. ನುಣುಪು ತೊಗಟೆಯ ಮರವಾದರೆ ಇನ್ನೂ ಹೆಚ್ಚು. ಆ ನೀರಿನಲ್ಲಿ ಒಂದಷ್ಟು ಕಾಂಡಕ್ಕೆ ಸುತ್ತಿದ ಪಟ್ಟಿಯನ್ನು ಹಿಡಿದುಕೊಂಡು ಹಗ್ಗಕ್ಕೆ ದಾಟುತ್ತದೆ. ಜೊತೆಗೆ ಸೂರಿನ ಹೊರಗಿರುವ ಹಗ್ಗದ ಮೇಲೆ ನೇರವಾಗಿ ಬೀಳುವ ಮಳೆ ಬೇರೆ. ನೀರಿಗೆ ಹಗ್ಗಕ್ಕೆ ಅಂಟಿಕೊಳ್ಳುವ ಗುಣವಿದೆ. ಹಗ್ಗ ಇಳಿಜಾರಾಗಿದ್ದರೆ ತಗ್ಗಿನ ಕಡೆಗೆ ಹರಿಯುವ ಗುಣವೂ ಇದೆ. ಹ್ಯಾಮಕ್‌ನ ಹಗ್ಗ ಮರದಿಂದ ಹಾಸಿಗೆಯತ್ತ ಇಳಿಜಾರಾಗಿರುತ್ತದೆ. ಮೇಲೆ ಎಷ್ಟು ಒಳ್ಳೆಯ ಟಾರ್ಪಾಲಿದ್ದರೂ ನೀರು ಅದರ ಅಡಿಯಿಂದ ಸದ್ದಿಲ್ಲದೆ ನುಸುಳಿ, ಬಟ್ಟೆಗೆ ಇಳಿದು, ಕೊನೆಗೆ ಮಲಗಿದವನ ಸೊಂಟದ ಕೆಳಗೆ ಬಂದು ನಿಲ್ಲುತ್ತದೆ. ಟಾರ್ಪಾಲು ಸೋರುತ್ತಿದೆ ಎಂದು ಅವನು ಕತ್ತಲಲ್ಲಿ ಮೇಲೆ ತಡಕಾಡುತ್ತಾನೆ.

ಇದಕ್ಕೆ ಪರಿಹಾರ ಒಂದು ಗೇಣುದ್ದದ ಹತ್ತಿ ದಾರ. ಟಾರ್ಪಾಲಿನ ಅಂಚಿನಿಂದ ಸ್ವಲ್ಪ ಒಳಗೆ, ಹಾಸಿಗೆಗೆ ಮೊದಲು, ಹಗ್ಗಕ್ಕೆ ದಾರವನ್ನು ಬಿಗಿಯಾಗಿ ಕಟ್ಟಿ ಇಳಿಬಿಡಬೇಕು. ಹರಿದು ಬಂದ ನೀರನ್ನು ಹತ್ತಿ ಹೀರಿಕೊಳ್ಳುತ್ತದೆ. ಹಾಸಿಗೆಗಿಂತ ಹತ್ತಿರದ ತಗ್ಗು ಅಲ್ಲೇ ಸಿಕ್ಕಿದ್ದರಿಂದ ನೀರು ದಾರದ ತುದಿಯಿಂದ ನೆಲಕ್ಕೆ ತೊಟ್ಟಿಕ್ಕುತ್ತದೆ. ದಾರವನ್ನು ಸೂರಿನ ಹೊರಗೆ ಕಟ್ಟಿದರೆ ಪ್ರಯೋಜನವಿಲ್ಲ, ಅದರಿಂದೀಚೆಗಿನ ಹಗ್ಗ ಮತ್ತೆ ನೆನೆಯುತ್ತದೆ. ಟಾರ್ಪಾಲಿನ ಅಡಿಯಲ್ಲಿ ಉದ್ದಕ್ಕೆ ಹಗ್ಗ ಹಾಯಿಸಿದ್ದರೆ ಅದಕ್ಕೂ ಎರಡು ಬದಿಗೆ ಇಂಥ ದಾರ ಬೇಕು. ವಿದ್ಯುತ್ ಕಂಬದಿಂದ ಮನೆಗೆ ಬರುವ ವಯರು ಗೋಡೆ ಹೊಗುವ ಮುನ್ನ ಕೆಳಕ್ಕೆ ಬಾಗಿ ಮತ್ತೆ ಮೇಲೇರುವುದನ್ನು ಕಂಡಿರಬಹುದು. ನೀರು ವಯರಿನೊಡನೆ ಒಳಗೆ ಹೋಗದೆ ಆ ಬಾಗಿನಿಂದ ಕೆಳಗೆ ಬೀಳಲೆಂದೇ ಹಾಗೆ ಬಿಡುವುದು. ಎರಡರ ಹಿಂದಿನ ತತ್ವ ಒಂದೇ.

ನಾಲ್ಕನೆಯದು ಒಳಗಿನ ದಾರಿ. ಮಲಗಿದವರ ಉಸಿರಿನಲ್ಲಿ, ಬೆವರಿನಲ್ಲಿ ತೇವವಿರುತ್ತದೆ. ಎರಚಲಿಗೆ ಹೆದರಿ ಟಾರ್ಪಾಲನ್ನು ಎಲ್ಲ ಕಡೆ ಮುಚ್ಚಿಬಿಟ್ಟರೆ ಆ ತೇವ ತಂಪಾದ ಬಟ್ಟೆಗೆ ತಾಗಿ ಹನಿಗಟ್ಟುತ್ತದೆ. ಮಳೆಯಂಗಿ ತೊಟ್ಟೇ ಮಲಗಿದರಂತೂ ಒಳಗಿನಿಂದಲೇ ನೆನೆದಂತೆ. ಮಲೆನಾಡಿನ ನಾಟಿ ಗದ್ದೆಗಳಲ್ಲಿ ಬಳಸುತ್ತಿದ್ದ ಗೊರಬು ಇಲ್ಲಿ ನೆನಪಾಗುತ್ತದೆ. ಬಿದಿರಿನ ಹೆಣಿಗೆಯ ನಡುವೆ ಎಲೆ ತುಂಬಿ ಮಾಡುವ ಗೊರಬು ತಲೆ, ಬೆನ್ನುಗಳನ್ನು ಮುಚ್ಚುತ್ತದೆ; ಮುಂದೆ ಪೂರ್ತಿ ತೆರೆದಿರುತ್ತದೆ. ಬಗ್ಗಿ ನಾಟಿ ಮಾಡುವವರಿಗೆ ಮಳೆ ತಾಗುವುದಿಲ್ಲ, ಬೆವರೂ ನಿಲ್ಲುವುದಿಲ್ಲ. ಟಾರ್ಪಾಲಿನಲ್ಲೂ ಗಾಳಿಯ ಬೆನ್ನಿಗಿರುವ ಬದಿ ತುಸು ತೆರೆದಿರಬೇಕು.

ಬಟ್ಟೆಯ ಗುಣ, ಕೆಲಸದ ಕ್ರಮ

ಈಗಿನ ಹಗುರ ಟಾರ್ಪಾಲುಗಳು ಸಾಮಾನ್ಯವಾಗಿ ಸಿಲಿಕೋನ್ ಲೇಪಿಸಿದ ನೈಲಾನ್ ಅಥವಾ ಪಾಲಿಯೆಸ್ಟರಿನವು. ನೈಲಾನ್ ನೂಲು ನೀರು ಹೀರಿದಾಗ ಸ್ವಲ್ಪ ಹಿಗ್ಗುತ್ತದೆ. ಸಂಜೆ ತಂಬೂರಿಯಂತೆ ಬಿಗಿದಿದ್ದ ಟಾರ್ಪಾಲು ಎರಡು ಗಂಟೆ ಮಳೆ ಬಿದ್ದ ಮೇಲೆ ಸಡಿಲವಾಗಿ, ತಗ್ಗಿನಲ್ಲಿ ನೀರು ನಿಂತು, ಭಾರಕ್ಕೆ ಇನ್ನಷ್ಟು ಜೋಲುತ್ತದೆ. ಮಲಗುವ ಮುನ್ನ ಒಮ್ಮೆ ಎದ್ದು ಬಿಗಿಯುವುದು, ಇಲ್ಲವೇ ಮೂಲೆಯ ಹಗ್ಗಕ್ಕೆ ಒಂದು ತುಂಡು ರಬ್ಬರ್ ದಾರ ಸೇರಿಸುವುದು ಇದಕ್ಕೆ ಉಪಾಯ. ಪಾಲಿಯೆಸ್ಟರಿಗೆ ಈ ಗುಣ ಕಡಿಮೆ. ಅಂಚುಗಳನ್ನು ನೇರವಾಗಿ ಕತ್ತರಿಸದೆ ಸ್ವಲ್ಪ ಒಳಬಾಗುವಂತೆ ಕತ್ತರಿಸಿದ ಟಾರ್ಪಾಲುಗಳೂ ಸಿಗುತ್ತವೆ. ಅಂಚು ಗಾಳಿಗೆ ಪಟಪಟಿಸದೆ ಬಿಗಿಯಾಗಿ ನಿಲ್ಲಲೆಂದು ಈ ಬಾಗು.

ಸಾಮಗ್ರಿಗಿಂತ ಮುಖ್ಯವಾದದ್ದು ಕೆಲಸದ ಕ್ರಮ. ಬಂದ ಕೂಡಲೇ ಮೊದಲು ಕಟ್ಟಬೇಕಾದದ್ದು ಟಾರ್ಪಾಲು. ಹೊರಡುವಾಗ ಕೊನೆಗೆ ಬಿಚ್ಚಬೇಕಾದದ್ದೂ ಅದೇ. ಅದರ ಕೆಳಗೆ ನಿಂತು ಹ್ಯಾಮಕ್ ಬಿಚ್ಚಿ ಕಟ್ಟುವುದು, ಒಣಬಟ್ಟೆ ಉಡುವುದು, ಗಂಟು ಕಟ್ಟುವುದು. ಒದ್ದೆ ಟಾರ್ಪಾಲನ್ನು ಹಾಸಿಗೆಯ ಚೀಲಕ್ಕೆ ತುರುಕಿದರೆ ಹಿಂದಿನ ರಾತ್ರಿ ಪಟ್ಟ ಶ್ರಮವೆಲ್ಲ ನೀರಪಾಲು. ಮಲಗುವಾಗ ತೊಡಲೆಂದೇ ಒಂದು ಜೊತೆ ಒಣಬಟ್ಟೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟುಕೊಳ್ಳುವುದು ಅನುಭವಸ್ಥರ ರೂಢಿ. ಹಗಲು ಒದ್ದೆಬಟ್ಟೆಯಲ್ಲೇ ನಡೆದರೂ ಅದನ್ನು ಮುಟ್ಟುವುದಿಲ್ಲ.

ಸ್ವಲ್ಪ ನೆನೆದರೆ ಏನಾದೀತು ಎನ್ನುವಂತಿಲ್ಲ. ನೀರು ಗಾಳಿಗಿಂತ 20 ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಹ್ಯಾಮಕ್‌ನ ಕೆಳಗೂ ಗಾಳಿ ಆಡುವುದರಿಂದ ಒದ್ದೆ ಬೆನ್ನು ಬೇಗ ತಣ್ಣಗಾಗುತ್ತದೆ. ದೇಹದ ಒಳಶಾಖ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ವೈದ್ಯರು ಅದನ್ನು ಅಪಾಯಸ್ಥಿತಿ ಎಂದು ಪರಿಗಣಿಸುತ್ತಾರೆ. ನಡುಕ, ಮಾತು ತೊದಲುವುದು, ಬುದ್ಧಿ ಮಂಕಾಗುವುದು ಅದರ ಲಕ್ಷಣಗಳು. ಹಿಮ ಬೀಳುವ ನಾಡೇ ಆಗಬೇಕಿಲ್ಲ; ಮಳೆ ಗಾಳಿ ಸೇರಿದ ಬೆಟ್ಟದ ನೆತ್ತಿಯಲ್ಲಿ 10-15 ಡಿಗ್ರಿ ಇದ್ದರೂ ಸಾಕು. ಬುದ್ಧಿ ಮಂಕಾದವನಿಗೆ ತನ್ನ ಹಗ್ಗದ ಗಂಟು ಬಿಗಿಯುವುದೂ ಆಗದ ಕೆಲಸ.

ಎಲ್ಲಿ ಕಟ್ಟಬಾರದು

ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆಯಾಗುವ ಆಗುಂಬೆಯಂಥ ಊರುಗಳಿರುವ ನಮ್ಮ ಸಹ್ಯಾದ್ರಿಯಲ್ಲೂ ಚಾರಣಿಗರು ಹ್ಯಾಮಕ್ ಒಯ್ಯುವುದುಂಟು. ಇಂಬಳಗಳಿಂದ ದೂರವಿರಬಹುದೆಂಬ ಆಸೆ ಒಂದು ಕಾರಣ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಯ್ದಿಟ್ಟ ಕಾಡಿನಲ್ಲಿ ತಂಗುವಂತಿಲ್ಲ ಎಂಬುದನ್ನು ಮೊದಲು ನೆನಪಿಡಬೇಕು. ಮಳೆಗಾಲದ ಗಾಳಿಗೆ ಒಣಕೊಂಬೆಗಳು ಮುರಿದು ಬೀಳುತ್ತವೆ, ಬುಡ ಸಡಿಲಾದ ಮರಗಳು ಉರುಳುತ್ತವೆ. ಹ್ಯಾಮಕ್ ಕಟ್ಟುವ ಮೊದಲು ತಲೆಯೆತ್ತಿ ನೋಡುವುದು ಅದಕ್ಕಾಗಿ. ಗುಡುಗು ಮಿಂಚಿನ ಸಮಯದಲ್ಲಿ ಮರದ ಆಸರೆಯೇ ಅಪಾಯ. ಹಳ್ಳದ ಪಾತಳಿಯ ಮೇಲೆ ಹ್ಯಾಮಕ್ ಕಟ್ಟಿದರೆ ಘಟ್ಟದ ಮೇಲೆಲ್ಲೋ ಸುರಿದ ಮಳೆ ರಾತ್ರೋರಾತ್ರಿ ಕೆಳಗೆ ಬಂದೀತು.

ಹಗ್ಗದ ಬಿಗಿತದ ಲೆಕ್ಕವೂ ತಿಳಿದಿರಲಿ. ಹಗ್ಗ ಅಡ್ಡಗೆರೆಗೆ 30 ಡಿಗ್ರಿ ಕೋನದಲ್ಲಿದ್ದಾಗ 70 ಕಿಲೋ ತೂಕದವರು ಮಲಗಿದರೆ ಪ್ರತಿ ಹಗ್ಗದ ಮೇಲೂ ಬೀಳುವ ಸೆಳೆತ 70 ಕಿಲೋ. ಹಾಸಿಗೆ ಜೋಲಬಾರದೆಂದು ಎಳೆದು 10 ಡಿಗ್ರಿಗೆ ತಂದರೆ ಸೆಳೆತ 200 ಕಿಲೋ ಮೀರುತ್ತದೆ. ಹಗ್ಗ ಹರಿಯುವುದೂ ಎಳೆಮರ ಬಾಗುವುದೂ ಹೀಗೆಯೇ. ಜೋಲಬಿಟ್ಟ ಹ್ಯಾಮಕ್‌ನಲ್ಲಿ ಓರೆಯಾಗಿ ಮಲಗಿದರೆ ಬೆನ್ನು ಸಮತಟ್ಟಾಗುತ್ತದೆ. ಬ್ರೆಜಿಲ್‌ನ ಜನ ಇಂದಿಗೂ ಹಾಗೆಯೇ ಮಲಗುವುದು.

ಹೀಗೆ ನೋಡಿದರೆ ಹ್ಯಾಮಕ್ ಎಂಬುದು ಹಾಸಿಗೆಯೊಂದರ ಹೆಸರಲ್ಲ. ಹಾಸಿಗೆ, ಸೂರು, ಪಕ್ಕದ ಬೆಂಕಿ ಮೂರೂ ಸೇರಿದ ಒಂದು ವಸತಿಕ್ರಮದ ಹೆಸರು. ಅದನ್ನು ರೂಪಿಸಿದವರು ನೀರು ಎಲ್ಲಿಂದ ಬರುತ್ತದೆಂದು ಬಲ್ಲವರಾಗಿದ್ದರು. ಕೊಂಡೊಯ್ದವರು ಅದರ ಮೂರನೇ ಒಂದು ಪಾಲನ್ನು ಒಯ್ದು, ಉಳಿದದ್ದನ್ನು ನೆನೆದು ನೆನೆದು ಕಲಿತರು. ಇಂದು ಅಂಗಡಿಯಿಂದ ಹ್ಯಾಮಕ್ ತಂದವರು ಜೊತೆಗೊಂದು ಅಗಲವಾದ ಟಾರ್ಪಾಲನ್ನೂ ನಾಲ್ಕು ತುಂಡು ಹತ್ತಿ ದಾರವನ್ನೂ ಚೀಲಕ್ಕೆ ಹಾಕಿಕೊಂಡರೆ, ಮೂಲದವರ ಅರಿವಿಗೆ ಅಷ್ಟರಮಟ್ಟಿಗೆ ಹತ್ತಿರವಾದಂತೆ. ಕಾಡಿಗೆ ಹೊರಡುವ ಮೊದಲು ಮಳೆಯ ಒಂದು ರಾತ್ರಿ ಮನೆಯ ಹಿತ್ತಿಲಲ್ಲೇ ಕಟ್ಟಿ ಮಲಗಿ ನೋಡುವುದು ಇನ್ನೂ ಒಳ್ಳೆಯದು. ಅಲ್ಲಿ ನೆನೆದರೆ ನಾಲ್ಕು ಹೆಜ್ಜೆಗೆ ಬಾಗಿಲು ಸಿಗುತ್ತದೆ.